ಹಗೇವು, ಹಳದಿ ಆನೆ ಮತ್ತು ನಾನು

ಊರಿಗೆ ಫೋನ್ ಮಾಡಿದಾಗಲೆಲ್ಲ ನಮ್ಮ ಕಾಕಾ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. "ಅಲ್ಲೋ ತಮ್ಮಾ, ಪುಣಾದಾಗ ನೀ ಮಾಡೂ ಕೆಲಸಾ ಅಂದ್ರ ಏನು?"

ನಾನು ಪುಣೆಗೆ ಬಂದದ್ದು 2005ರಲ್ಲಿ. ಅಂದಿನಿಂದ ಈ ಪ್ರಶ್ನೆಗೆ ನಾನಾ ಉತ್ತರ ಕೊಟ್ಟಿದ್ದೇನೆ. ಮೊದಲು 'ಸಾಫ್ಟ್‌ವೇರ್' ಎಂದೆ. ನಾನು ಕಂಪ್ಯೂಟರ್ ರಿಪೇರಿ ಮಾಡುತ್ತೇನೆಂದು ಕಾಕಾ ಊರೆಲ್ಲ ಹೇಳಿ, ಹಬ್ಬಕ್ಕೆ ಹೋದಾಗ ಪಂಚಾಯಿತಿ ಆಫೀಸಿನ ಕೆಟ್ಟ ಪ್ರಿಂಟರನ್ನು ನನ್ನ ಮುಂದೆ ತಂದಿಡಿಸಿದರು. ಆಮೇಲೆ 'ಡೇಟಾ' ಎಂದೆ. ಮೊಬೈಲಿಗೆ ಹಾಕಿಸುವ ಡೇಟಾ ಇರಬೇಕೆಂದು ತಿಳಿದು, "ಅದನ್ನ ನೀ ಮಾರ್ತಿಯೋ, ತಯಾರ ಮಾಡ್ತಿಯೋ?" ಎಂದು ಕೇಳಿದರು. ಕೊನೆಗೊಮ್ಮೆ ಸೋತು, "ಕಾಕಾ, ಭಾಳ ಭಾಳ ಮಾಹಿತಿ ಇರ್ತೈತ್ರಿ. ಅದನ್ನ ಎಲ್ಲೆ ಇಡಬೇಕು, ಹೆಂಗ ಇಡಬೇಕು ಅಂತ ಹೇಳೂದು ನನ್ನ ಕೆಲಸಾ" ಎಂದೆ.

ಆ ಕಡೆ ಒಂದು ಗಳಿಗೆ ಮಾತಿಲ್ಲ. ನಂತರ, "ಹಂಗಂದ್ರ ಹಗೇವ ತಗಿಯೂ ಕೆಲಸಾ ಅನ್ನು" ಎಂದರು.

ನಕ್ಕುಬಿಟ್ಟೆ. ಆದರೆ ನನ್ನ ಕೆಲಸವನ್ನು ಇಷ್ಟು ಸರಿಯಾಗಿ ನನ್ನ ಮೇಲಧಿಕಾರಿಗಳೂ ಹೇಳಿದ್ದಿಲ್ಲ.

ದಕ್ಷಿಣದ ಜಿಲ್ಲೆಗಳ ಓದುಗರಿಗೆ ಹಗೇವು ಏನೆಂದು ಹೇಳಬೇಕು. ಅದು ನೆಲದೊಳಗಿನ ಕಣಜ. ನಮ್ಮ ವಿಜಯಪುರದ ಕಡೆ ಹಿಂದೆ ಉಳ್ಳವರ ಮನೆ ಮುಂದೆ, ಕೆಲವು ಕಡೆ ಓಣಿಯ ನಡುವೆಯೇ ಇರುತ್ತಿದ್ದವು. ಬಾಯಿ ಕಿರಿದು, ಹೊಟ್ಟೆ ಹಿರಿದು. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಹತ್ತಾರು ಚೀಲ ಜೋಳ. ಗೋಡೆಗೆ ಒಣಹುಲ್ಲು ಹೊಂದಿಸಿ, ಜೋಳ ಸುರಿದು, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಚಿಂತೆಯಿಲ್ಲ. ಗಾಳಿಯಿಲ್ಲದ ಕಡೆ ಹುಳ ಬದುಕುವುದಿಲ್ಲ. ಮನುಷ್ಯನೂ ಬದುಕುವುದಿಲ್ಲ! ಆದ್ದರಿಂದ ಬಾಯಿ ತೆರೆದ ಮೇಲೆ ತಾಸುಗಟ್ಟಲೆ ಹಾಗೆಯೇ ಬಿಟ್ಟು, ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇನ್ನೂ ಕಾಯಬೇಕು. ಒಮ್ಮೆ ಬಾಯಿ ತೆರೆದರೆ ನಮ್ಮ ಮನೆಯಲ್ಲಿ ಪೂರ್ತಿ ಖಾಲಿ ಮಾಡಿಯೇ ಬಿಡುವುದು. ಎರಡು ಸೇರು ಜೋಳ ಬೇಕೆಂದು ಯಾರೂ ಹಗೇವು ತೆಗೆಯುವುದಿಲ್ಲ. ಅದಕ್ಕೆ ಅಡುಗೆಮನೆಯ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಅಡಕಲ ಗಡಿಗೆಗಳು ಇದ್ದವು. ಕೆಳಗಿನ ಗಡಿಗೆಯಲ್ಲಿ ನಿತ್ಯ ಬೇಡದ್ದು, ಮೇಲಿನದರಲ್ಲಿ ದಿನಾ ಕೈಗೆ ಬೇಕಾದದ್ದು.

ಲಕ್ಷಾಂತರ ರೂಪಾಯಿಯ ಯಂತ್ರಗಳ ಮುಂದೆ ಕೂತು ನಾನು ಮಾಡುವುದೂ ಇಷ್ಟೇ. ಯಾವುದನ್ನು ಹಗೇವಿಗೆ ಹಾಕಬೇಕು, ಯಾವುದನ್ನು ಗಡಿಗೆಗೆ ಹಾಕಬೇಕು. ಇದನ್ನು ತಿಳಿಯದೆ ನಾನೊಮ್ಮೆ ದೊಡ್ಡ ತಪ್ಪು ಮಾಡಿದೆ. ಆ ತಪ್ಪಿನ ಬೆಲೆಯನ್ನು ಇನ್ನೊಬ್ಬನಿಂದ ಕೊಡಿಸಿದೆ. ಅದನ್ನು ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

2013ನೇ ಇಸವಿ. ಆಗ ನಾನಿದ್ದ ಕಂಪನಿಗೆ ಸರಕು ಲಾರಿಗಳ ಕೆಲಸವೊಂದು ಬಂತು. ಹತ್ತು ಸಾವಿರ ಲಾರಿಗಳಲ್ಲಿ ಒಂದೊಂದು ಪೆಟ್ಟಿಗೆ ಕೂರಿಸಿದ್ದರು. ಲಾರಿ ಎಲ್ಲಿದೆ, ಎಷ್ಟು ವೇಗ, ಎಂಜಿನ್ ಬಿಸಿ ಎಷ್ಟು, ಡೀಸೆಲ್ ಎಷ್ಟು ಎಂದು ಐದು ಸೆಕೆಂಡಿಗೊಮ್ಮೆ ಅದು ಬರೆದುಕೊಳ್ಳಬೇಕು. ಗಂಟೆಗೊಮ್ಮೆ ಆ ಬರೆದದ್ದನ್ನೆಲ್ಲ ಒಂದು ಕಡತವಾಗಿ ನಮಗೆ ಕಳಿಸಬೇಕು. ದಿನಕ್ಕೆ ಸುಮಾರು 170 ಗಿಗಾಬೈಟ್, ವರ್ಷಕ್ಕೆ ಅರವತ್ತು ಟೆರಾಬೈಟ್‌ಗೂ ಮಿಕ್ಕು. ಇದನ್ನು ಎಲ್ಲಿ ಇಡುವುದು ಎಂದು ಆರಿಸುವ ಹೊಣೆ ನನ್ನದು.

ಆಗ ಎಲ್ಲರ ಬಾಯಲ್ಲೂ ಹಡೂಪ್. ಹುಡುಕಾಟಕ್ಕೆ ಹೆಸರಾದ ಗೂಗಲ್ ಕಂಪನಿಯವರು ತಮ್ಮ ಮಾಹಿತಿಯನ್ನು ಸಾವಿರಾರು ಸಾಮಾನ್ಯ ಯಂತ್ರಗಳ ಮೇಲೆ ಹೇಗೆ ಹರಡಿ ಇಡುತ್ತೇವೆಂದು 2003ರಲ್ಲಿ ಒಂದು ಪ್ರಬಂಧ, ಆ ಮಾಹಿತಿಯನ್ನು ಹೇಗೆ ಅರೆಯುತ್ತೇವೆಂದು 2004ರಲ್ಲಿ ಇನ್ನೊಂದು ಪ್ರಬಂಧ ಪ್ರಕಟಿಸಿದ್ದರು. ಅವನ್ನು ಓದಿ ಡಗ್ ಕಟಿಂಗ್ ಮತ್ತು ಮೈಕ್ ಕ್ಯಾಫರೆಲ್ಲಾ ಎಂಬಿಬ್ಬರು ಅಂಥದ್ದೇ ವ್ಯವಸ್ಥೆಯನ್ನು ಎಲ್ಲರಿಗೂ ಪುಕ್ಕಟೆ ಸಿಗುವಂತೆ ಕಟ್ಟಿದರು. 2006ರಲ್ಲಿ ಅದಕ್ಕೆ ಹಡೂಪ್ ಎಂದು ಹೆಸರಾಯಿತು. ಡಗ್ ಕಟಿಂಗ್ ಅವರ ಪುಟ್ಟ ಮಗ ತನ್ನ ಹಳದಿ ಬಣ್ಣದ ಆಟಿಕೆ ಆನೆಗೆ ಇಟ್ಟುಕೊಂಡಿದ್ದ ಹೆಸರದು. ಮಗುವಿನ ಬಾಯಿಂದ ಬಂದ ಅರ್ಥವಿಲ್ಲದ ಒಂದು ಶಬ್ದ ಕೋಟ್ಯಂತರ ರೂಪಾಯಿ ವ್ಯವಹಾರದ ಹೆಸರಾದದ್ದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

ಹಡೂಪಿನ ಉಗ್ರಾಣಕ್ಕೆ ಎಚ್‌ಡಿಎಫ್‌ಎಸ್ ಎಂದು ಹೆಸರು. ಅದರ ಮೂಲ ವಿಚಾರ ಸರಳ. ಮಾಹಿತಿ ಭಾರ, ಕೆಲಸ ಹಗುರ. ಆದ್ದರಿಂದ ಮಾಹಿತಿಯನ್ನು ಕೆಲಸದ ಕಡೆ ಹೊತ್ತೊಯ್ಯಬೇಡ, ಕೆಲಸವನ್ನೇ ಮಾಹಿತಿ ಇರುವ ಯಂತ್ರಕ್ಕೆ ಕಳಿಸು. ಅದು ದೊಡ್ಡ ಕಡತವನ್ನು 128 ಮೆಗಾಬೈಟಿನ ತುಂಡುಗಳಾಗಿ ಕತ್ತರಿಸುತ್ತದೆ. ಪ್ರತಿ ತುಂಡಿನ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತದೆ. ಒಂದು ಯಂತ್ರ ಸತ್ತರೂ ಇನ್ನೆರಡು ಪ್ರತಿ ಉಳಿದಿರುತ್ತವೆ. ಯಾವ ತುಂಡು ಎಲ್ಲಿದೆ ಎಂಬ ಲೆಕ್ಕವನ್ನು 'ನೇಮ್‌ನೋಡ್' ಎಂಬ ಒಂದು ಯಂತ್ರ ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಕಾಗದ ನೋಡದೆ ಊರಿನವರ ಉದ್ರಿ ಲೆಕ್ಕವನ್ನೆಲ್ಲ ಬಾಯಲ್ಲೇ ಹೇಳುವ ಕಿರಾಣಿ ಅಂಗಡಿಯ ಮುದುಕ ಇದ್ದಂತೆ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಅಮೆಜಾನಿನವರು 2006ರಲ್ಲೇ ಎಸ್-3 ಎಂಬ ಬಾಡಿಗೆ ಉಗ್ರಾಣ ತೆರೆದಿದ್ದರು. ಆದರೆ 2013ರಲ್ಲಿ ನಮಗೆ ಹತ್ತಿರದ ಅವರ ಕೇಂದ್ರ ಇದ್ದದ್ದು ಸಿಂಗಪುರದಲ್ಲಿ. ಮುಂಬಯಿಗೆ ಅದು ಬಂದದ್ದು 2016ರಲ್ಲಿ. ಲಾರಿಯವರು "ನಮ್ಮ ಮಾಹಿತಿ ದೇಶದ ಹೊರಗೆ ಹೋಗಬಾರದು" ಎಂದರು. ಹೀಗಾಗಿ ಸ್ವಂತ ಯಂತ್ರಗಳನ್ನೇ ಕೊಂಡೆವು. ಹನ್ನೆರಡು ಯಂತ್ರ, ಒಂದೊಂದಕ್ಕೆ ಎರಡು ಟೆರಾಬೈಟಿನ ಹನ್ನೆರಡು ಡಿಸ್ಕ್. ಒಟ್ಟು 288 ಟೆರಾಬೈಟ್. ಮೂರು ಪ್ರತಿ ಇಡಬೇಕಾದ್ದರಿಂದ ಕೈಗೆ ಸಿಗುವುದು 96. ಲೆಕ್ಕ ಸರಿಯಾಗಿತ್ತು. ವರದಿ ಬರೆದೆ, ಒಪ್ಪಿಗೆಯೂ ಸಿಕ್ಕಿತು.

ಎಷ್ಟು ಹಿಡಿಸುತ್ತದೆ ಎಂದು ಲೆಕ್ಕ ಹಾಕಿದ್ದೆನೇ ಹೊರತು ಎಂಥದ್ದನ್ನು ಹಾಕುತ್ತೇವೆ ಎಂದು ಯೋಚಿಸಿರಲಿಲ್ಲ. ಗಂಟೆಗೊಂದು ಕಡತ ಎಂದರೆ ದಿನಕ್ಕೆ 2,40,000 ಕಡತ. ಒಂದೊಂದೂ ಮುಕ್ಕಾಲು ಮೆಗಾಬೈಟಿಗಿಂತ ಚಿಕ್ಕದು. ಹಗೇವಿಗೆ ಜೋಳವನ್ನು ಚೀಲಗಟ್ಟಲೆ ಸುರಿಯುವ ಬದಲು ಒಂದೊಂದೇ ಹಿಡಿಯನ್ನು ಪೊಟ್ಟಣ ಕಟ್ಟಿ, ಪೊಟ್ಟಣಕ್ಕೊಂದು ಹೆಸರು ಬರೆದು ಹಾಕಿದಂತಾಯಿತು. ಜಾಗಕ್ಕೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಹೆಸರುಗಳದು. ನೇಮ್‌ನೋಡ್ ಒಂದೊಂದು ಹೆಸರಿಗೂ ಒಂದೊಂದು ತುಂಡಿಗೂ ಅಂದಾಜು 150 ಬೈಟ್ ನೆನಪು ಖರ್ಚು ಮಾಡುತ್ತದೆ. ಹನ್ನೊಂದು ತಿಂಗಳಿಗೆ ಕಡತಗಳು ಎಂಟು ಕೋಟಿ ಮುಟ್ಟಿದವು. ಲೆಕ್ಕ ಇಡಲಿಕ್ಕೇ 24 ಗಿಗಾಬೈಟ್ ನೆನಪು ಬೇಕಾಯಿತು. ಆ ಯಂತ್ರದಲ್ಲಿ ಇದ್ದದ್ದು ಒಟ್ಟು 32. ಕಿರಾಣಿ ಅಂಗಡಿಯ ಮುದುಕ ಮಾತು ಮಾತಿಗೆ ತಡವರಿಸತೊಡಗಿದ. ನಡುನಡುವೆ ನಿಮಿಷಗಟ್ಟಲೆ ಸುಮ್ಮನೆ ಕೂತುಬಿಡುತ್ತಿದ್ದ. ಅವನು ಸುಮ್ಮನಾದರೆ ಉಳಿದ ಯಂತ್ರಗಳೆಲ್ಲ ಕೈಕಟ್ಟಿ ನಿಲ್ಲುತ್ತಿದ್ದವು.

ಪರಿಹಾರ ಗೊತ್ತಿದ್ದದ್ದೇ. ಒಂದು ದಿನದ ಎರಡು ಲಕ್ಷ ನಲವತ್ತು ಸಾವಿರ ಚಿಕ್ಕ ಕಡತಗಳನ್ನು ಕೂಡಿಸಿ ದೊಡ್ಡ ಕಡತಗಳಾಗಿ ಮಾಡಿದರೆ ಸುಮಾರು 1,300 ತುಂಡಿನಲ್ಲಿ ಮುಗಿಯುತ್ತದೆ. ಕೂಡಿಸಿದ ಮೇಲೆ ಚಿಕ್ಕವನ್ನು ಅಳಿಸಬೇಕು. ಈ ಕೆಲಸವನ್ನು ನಾಗಪುರದ ಕಡೆಯ ಹುಡುಗನೊಬ್ಬನಿಗೆ ವಹಿಸಿದೆ. ಕಾಂಟ್ರ್ಯಾಕ್ಟ್ ಮೇಲೆ ಬಂದವನು, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಡಬ್ಬಿಯಲ್ಲಿ ನಾನು ಒಯ್ಯುತ್ತಿದ್ದ ಶೇಂಗಾ ಚಟ್ನಿಪುಡಿಗೆ ಅವನು ಕಾಯಂ ಗಿರಾಕಿ.

2014ರ ಒಂದು ಶುಕ್ರವಾರ ರಾತ್ರಿ. ನೇಮ್‌ನೋಡ್ ಮೂರನೇ ಸಲ ಬಿದ್ದಿತ್ತು. ಮೂರು ತಿಂಗಳ ಮಾಹಿತಿಯನ್ನು ಕೂಡಿಸುವ ಕೆಲಸ ಮುಗಿದಿದೆ ಎಂದು ಪರದೆ ಹೇಳುತ್ತಿತ್ತು. ಹುಡುಗ ಕೇಳಿದ, "ಸರ್, ಅಳಿಸೋಕೆ ಮುಂಚೆ ಹಳೆಯದು ಹೊಸದು ಒಮ್ಮೆ ಎಣಿಸಿ ನೋಡಲೇ?" ಎಣಿಸಲು ನಾಲ್ಕೈದು ತಾಸು ಬೇಕು. ಬೆಳಿಗ್ಗೆ ಲಾರಿಯವರಿಗೆ ವರದಿ ಹೋಗಬೇಕು. "ಬೇಡ, ನೇರ ಅಳಿಸಿಬಿಡು" ಎಂದೆ. ಅಳಿಸಿದ್ದು ಕೆಲವು ದಿನ ಕಸದಬುಟ್ಟಿಯಲ್ಲಿ ಉಳಿಯುವಂತೆ ಹಡೂಪಿನಲ್ಲಿ ವ್ಯವಸ್ಥೆ ಮಾಡಿಕೊಳ್ಳಬಹುದು. ನಾವೂ ಮಾಡಿಕೊಂಡಿದ್ದೆವು. ಆದರೆ ಕಸದಬುಟ್ಟಿಯಲ್ಲಿದ್ದರೂ ಅದರ ಹೆಸರು ನೇಮ್‌ನೋಡಿನ ನೆನಪಿನಲ್ಲಿ ಇರುತ್ತದಲ್ಲ! "ಕಸದಬುಟ್ಟಿಗೂ ಹಾಕಬೇಡ, ನೆನಪು ಖಾಲಿಯಾಗಬೇಕು" ಎಂದು ಅದನ್ನೂ ತಪ್ಪಿಸಲು ನಾನೇ ಹೇಳಿದೆ.

ಹುಡುಗ ಅಳಿಸಿದ.

ಕೂಡಿಸಿದ ಕಡತಗಳು ತಾತ್ಕಾಲಿಕ ಜಾಗದಿಂದ ಕೊನೆಯ ಜಾಗಕ್ಕೆ ಬಂದೇ ಇರಲಿಲ್ಲ. ಅರ್ಧಕ್ಕೆ ಕೆಟ್ಟ ಕೆಲಸ ತನ್ನ ತಾತ್ಕಾಲಿಕ ಜಾಗವನ್ನು ತಾನೇ ಗುಡಿಸಿ ಹಾಕಿತ್ತು. ಕೊನೆಯ ಜಾಗದಲ್ಲಿ ದಿನಕ್ಕೊಂದರಂತೆ ತೊಂಬತ್ತು ಫೋಲ್ಡರುಗಳೇನೋ ಇದ್ದವು, ಒಳಗೆ ಏನೂ ಇರಲಿಲ್ಲ. ನಾವು ನೋಡಿದ್ದು ಫೋಲ್ಡರು ಇದೆಯೇ ಎಂದು ಮಾತ್ರ. ಸುಮಾರು ಹದಿನೈದು ಟೆರಾಬೈಟ್ ಮಾಹಿತಿ ಹೋಯಿತು. ಲಾರಿಯ ಪೆಟ್ಟಿಗೆಗಳಲ್ಲಿ ಒಂದು ವಾರದ್ದಷ್ಟೇ ಉಳಿಯುತ್ತಿತ್ತು.

"ಮೂರು ಪ್ರತಿ ಇಟ್ಟಿದ್ದೀರಲ್ಲ?" ಎಂದು ನೀವು ಕೇಳಬಹುದು. ಮ್ಯಾನೇಜರೂ ಅದನ್ನೇ ಕೇಳಿದರು. ಯಂತ್ರ ಕೆಟ್ಟರೆ ಮೂರು ಪ್ರತಿ ಕಾಯುತ್ತವೆ. ಮನುಷ್ಯ ಕೆಟ್ಟರೆ ಕಾಯುವುದಿಲ್ಲ. ಅಳಿಸು ಎಂದರೆ ಎಚ್‌ಡಿಎಫ್‌ಎಸ್ ಮೂರನ್ನೂ ನಿಷ್ಠೆಯಿಂದ ಅಳಿಸುತ್ತದೆ.

ಆ ಮಾಹಿತಿಯಿಂದ ಏನು ಮಹಾ ಆಗಬೇಕಿತ್ತು ಎನ್ನಬೇಡಿ. ಲಾರಿ ಗೋದಾಮಿನ ಮುಂದೆ ಸರಕು ಇಳಿಸಲು ಕಾದು ನಿಂತ ತಾಸುಗಳಿಗೆ ಡ್ರೈವರುಗಳಿಗೆ ಭತ್ಯೆ ಕೊಡುತ್ತಿದ್ದರು. ಎಷ್ಟು ಹೊತ್ತು ಕಾದರು ಎಂಬುದಕ್ಕೆ ನಮ್ಮ ಮಾಹಿತಿಯೇ ಸಾಕ್ಷಿ. ತಕರಾರು ಇದ್ದ ಲೆಕ್ಕಗಳೆಲ್ಲ ಆ ಮೂರು ತಿಂಗಳಲ್ಲಿ ಸಾಕ್ಷಿಯಿಲ್ಲದೆ ಬಿದ್ದುಹೋದವು. ಹದಿನೈದು ಟೆರಾಬೈಟ್ ಎಂದರೆ ನನಗೆ ಒಂದು ಅಂಕಿ. ಯಾವುದೋ ಡ್ರೈವರಿನ ಮನೆಯಲ್ಲಿ ಅದು ಮಕ್ಕಳ ಶಾಲೆಯ ಫೀಸು ಆಗಿದ್ದಿರಬೇಕು.

ಸೋಮವಾರ ಮೀಟಿಂಗು. "ಅಳಿಸಿದವರು ಯಾರು?" ಎಂದು ಕೇಳಿದರು. ದಾಖಲೆಯಲ್ಲಿ ಹುಡುಗನ ಹೆಸರಿತ್ತು. ಅವನು ತಲೆ ತಗ್ಗಿಸಿ ನಿಂತಿದ್ದ. ಒಮ್ಮೆ ನನ್ನ ಕಡೆ ನೋಡಿದ. ನಾನು ಮುಂದಿನ ಲ್ಯಾಪ್‌ಟಾಪ್ ಪರದೆ ನೋಡುತ್ತಿದ್ದೆ. ಆ ತಿಂಗಳು ಮನೆಯ ಸಾಲದ ಮೊದಲನೇ ಕಂತು ಕಟ್ಟಿದ್ದೆ. ನಾನು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದೆ. ಸುಳ್ಳು ಹೇಳಿದ್ದರೆ ಒಂದು ದಿನ ಒಪ್ಪಿಕೊಳ್ಳಲಿಕ್ಕೆ ಒಂದು ಮಾತಾದರೂ ಇರುತ್ತಿತ್ತು. ತಿಂಗಳ ಕೊನೆಗೆ ಅವನ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಹೋಗುವ ದಿನ ನನ್ನ ಮೇಜಿನ ಹತ್ತಿರ ಬಂದು "ಯೇತೋ ಸರ್" ಎಂದ. ಮರಾಠಿಯವರು ಹೋಗುವಾಗಲೂ 'ಬರುತ್ತೇನೆ' ಎಂದೇ ಹೇಳುತ್ತಾರೆ, ನಮ್ಮ ಹಾಗೆಯೇ.

ಆ ರಾತ್ರಿ ನನಗೆ ನೆನಪಾದದ್ದು ನಮ್ಮ ಅಂಗಳದ ಹಗೇವು. ನಾನು ಆರನೆಯ ಇಯತ್ತೆಯಲ್ಲಿದ್ದಾಗಿನ ಮಾತು. ಆ ವರ್ಷ ಹಗೇವು ತೆರೆದರೆ ಮೇಲಿನ ಜೋಳವೆಲ್ಲ ಕರ್ರಗಾಗಿ ಮುಗ್ಗು ಹಿಡಿದಿತ್ತು. ಬಾಯಿಂದ ಮಳೆನೀರು ಇಳಿದಿತ್ತು. ಮಣ್ಣು ಮೆತ್ತಿದವನು ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಆಳು. ಮುತ್ಯಾ ಅವನನ್ನು ಕರೆಸಿ ಬಾಯಿಗೆ ಬಂದಂತೆ ಬೈಯತೊಡಗಿದ. ಓಣಿಯ ಮಂದಿಯೆಲ್ಲ ಸೇರಿದ್ದರು. ಆಗ ಕಾಕಾ ಹಗೇವಿನ ಬಾಯಿಂದ ಮೇಲೆದ್ದು, "ಅವನ್ನ ಯಾಕ ಬೈತೀ? ಕೈ ಅಷ್ಟ ಅವಂದು, ಮಾತು ನಂದು. ಹಸೀ ಮಣ್ಣ ಆರೂತನಕಾ ತಡೀತೀನಿ ಅಂದಿದ್ದ ಅಂವಾ. ನಾನ ಗಡಿಬಿಡಿ ಮಾಡಿ ಮುಚ್ಚಸೀನಿ" ಎಂದರು. ಮುತ್ಯಾನ ಎದುರು ಗಟ್ಟಿಯಾಗಿ ಉಸಿರಾಡಲೂ ಹೆದರುತ್ತಿದ್ದ ಮನುಷ್ಯ ನಮ್ಮ ಕಾಕಾ. ಅವರು ಓದಿದ್ದು ನಾಲ್ಕನೇ ಇಯತ್ತೆ.

ಆ ಸಂಗತಿ ಗೊತ್ತಿದ್ದೂ ನಾನು ಪರದೆ ನೋಡುತ್ತಾ ಕೂತಿದ್ದೆ. ಊರು ಬಿಟ್ಟವರು ಊರಿನಿಂದ ಚಟ್ನಿಪುಡಿ ತರುತ್ತೇವೆ, ಜೋಳ ತರುತ್ತೇವೆ. ಪುಣೆಯಲ್ಲಿ ಜೋಳ ಸಿಗುವುದಿಲ್ಲವೆಂದಲ್ಲ, ಮರಾಠಿಗರೂ ಭಾಕರಿ ತಿನ್ನುವವರೇ. ಆದರೂ ಬಸ್ಸಿನ ಡಿಕ್ಕಿಯಲ್ಲಿ ಚೀಲ ಹೇರಿಸಿ, ಸೊಲ್ಲಾಪುರ ದಾಟಿಸಿ, ಮುನ್ನೂರೈವತ್ತು ಕಿಲೋಮೀಟರ್ ತರಿಸುತ್ತೇವೆ. ತರಬೇಕಾದದ್ದನ್ನು ಮಾತ್ರ ಅಲ್ಲೇ ಬಿಟ್ಟು ಬಂದಿರುತ್ತೇವೆ.

ಮುಂದೆ ಕಂಪನಿ ಬದಲಿಸಿದೆ. 2023ರಲ್ಲಿ ಮತ್ತೆ ಅದೇ ಪ್ರಶ್ನೆ ನನ್ನ ಮೇಜಿಗೆ ಬಂತು. ಈಗಿನ ಕೆಲಸ ಬೆಳೆಗಳದು. ಯುರೋಪಿನವರ ಸೆಂಟಿನೆಲ್-2 ಎಂಬ ಉಪಗ್ರಹಗಳು ಭೂಮಿಯ ಚಿತ್ರ ತೆಗೆಯುತ್ತವೆ. ಮೊದಲನೆಯದು ಹಾರಿದ್ದು 2015ರಲ್ಲಿ, ಎರಡನೆಯದು 2017ರಲ್ಲಿ. ಅವುಗಳ ಚಿತ್ರಗಳು ಎಲ್ಲರಿಗೂ ಪುಕ್ಕಟೆ. ಚಿತ್ರದ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಹತ್ತು ಮೀಟರ್ ಚೌಕ. ಹಿಂಗಾರಿಯಲ್ಲಿ ಎಲ್ಲಿ ಜೋಳ, ಎಲ್ಲಿ ಕಡಲೆ, ಎಲ್ಲಿ ಬೀಳುಬಿಟ್ಟ ಹೊಲ ಎಂದು ಅವುಗಳಿಂದ ಲೆಕ್ಕ ಹಾಕುವುದು. ನಮ್ಮ ಊರಿನ ಎರಿ ಹೊಲಗಳೂ ಅದರಲ್ಲಿ ಕಾಣುತ್ತವೆ. ಕಾಕಾನ ಹೊಲ ಇಂಥದ್ದೇ ಚುಕ್ಕೆಗಳೆಂದು ನನಗೆ ಗೊತ್ತು. ಒಟ್ಟು ಮಾಹಿತಿ 400 ಟೆರಾಬೈಟ್, ವರ್ಷಕ್ಕೆ ವರ್ಷ ಬೆಳೆಯುವಂಥದ್ದು.

ಈ ಸಲ ವರದಿ ಬರೆಯುವ ಮೊದಲು ಕಾಕಾಗೆ ಫೋನ್ ಮಾಡಿದೆ. ತಮಾಷೆಗೆಂದೇ ಕೇಳಿದೆ, "ಕಾಕಾ, ಹಗೇವ ತಗಿಯೂ ಮೊದಲ ಏನ ನೋಡ್ತಿದ್ರಿ?" ಅವರು ತಮಾಷೆ ಮಾಡಲಿಲ್ಲ. "ಇಡೂದು ಯಾರರೆ ಇಡ್ತಾರ. ತಗಿಯೂದು ಯಾವಾಗ, ಒಮ್ಮೆ ತಗದ್ರ ಎಷ್ಟು ಬೇಕು, ಕೆಟ್ರ ಯಾರ ಹೊಣಿ, ಇಷ್ಟ ನೋಡಬೇಕು" ಎಂದರು. ಈ ಮೂರು ಪ್ರಶ್ನೆಗಳನ್ನೇ ವರದಿಯ ಮೂರು ಭಾಗ ಮಾಡಿಕೊಂಡೆ.

ಮೊದಲನೆಯದು, ತೆಗೆಯುವುದು ಯಾವಾಗ. ನಮಗೆ ಯಂತ್ರಗಳ ಕೆಲಸ ಜೋರಾಗಿ ಇರುವುದು ಅಕ್ಟೋಬರಿನಿಂದ ಫೆಬ್ರವರಿಯವರೆಗೆ, ಬಿತ್ತನೆಯಿಂದ ರಾಶಿಯ ತನಕ. ಉಳಿದ ದಿನ ಮಾಹಿತಿ ಸುಮ್ಮನೆ ಕೂತಿರುತ್ತದೆ. ಎಚ್‌ಡಿಎಫ್‌ಎಸ್‌ನಲ್ಲಿ ಇಡುವ ಯಂತ್ರವೂ ಅದೇ, ಅರೆಯುವ ಯಂತ್ರವೂ ಅದೇ. ಮಾಹಿತಿ ಇರುವತನಕ ಅಷ್ಟೂ ಯಂತ್ರ ವರ್ಷವಿಡೀ ನಡೆಯುತ್ತಿರಬೇಕು. ಇಪ್ಪತ್ತು ವರ್ಷದ ಹಿಂದೆ ಜಾಲ ನಿಧಾನವಿತ್ತು, ಕೆಲಸವನ್ನು ಮಾಹಿತಿಯ ಬಳಿಗೆ ಕಳಿಸುವುದು ಜಾಣತನವಾಗಿತ್ತು. ಜಾಲ ವೇಗವಾದ ಮೇಲೆ ಇಡುವುದನ್ನೂ ಅರೆಯುವುದನ್ನೂ ಬೇರೆ ಮಾಡುವ ರೂಢಿ ಬಂತು. ಮಾಹಿತಿ ಬಾಡಿಗೆ ಉಗ್ರಾಣದಲ್ಲಿ ಇರಲಿ. ಹಂಗಾಮು ಬಂದಾಗ ನೂರು ಯಂತ್ರ ಬಾಡಿಗೆಗೆ ಹಿಡಿ, ಮುಗಿದಾಗ ಬಿಡು. ಹೊರನಾಡಿನ ನಮ್ಮ ಬದುಕೂ ಹೀಗೇ ಅಲ್ಲವೇ? ಕಾಳು ಊರಿನಲ್ಲಿ, ದುಡಿಮೆ ಇಲ್ಲಿ.

ಹೀಗೆ ಬೇರೆ ಮಾಡಿದ್ದಕ್ಕೆ ತೆರಿಗೆಯೂ ಇದೆ. ಬಾಡಿಗೆ ಉಗ್ರಾಣಕ್ಕೆ ಮಾಹಿತಿ ಹಾಕುವುದು ಸಾಮಾನ್ಯವಾಗಿ ಪುಕ್ಕಟೆ, ಹೊರಗೆ ಒಯ್ಯುವುದಕ್ಕೆ ದುಡ್ಡು. ದೊಡ್ಡ ಊರಿಗೆ ಬರುವುದು ಸುಲಭ, ಬಿಟ್ಟು ಹೋಗುವುದು ಕಷ್ಟ ಎನ್ನುತ್ತಾರಲ್ಲ, ಹಾಗೆ. ಆದ್ದರಿಂದ ಅರೆಯುವ ಯಂತ್ರಗಳೂ ಅದೇ ಕೇಂದ್ರದಲ್ಲೇ ಇರಬೇಕೆಂದು ಮೊದಲೇ ನಿಶ್ಚಯ ಮಾಡಿದೆ. ಮಾಹಿತಿಯನ್ನು ಪುಣೆಯ ಆಫೀಸಿಗೆ ಎಳೆದುಕೊಳ್ಳುವುದಿಲ್ಲ, ಉತ್ತರ ಮಾತ್ರ ಬರುತ್ತದೆ.

ಎರಡನೆಯದು, ಒಮ್ಮೆ ತೆಗೆದರೆ ಎಷ್ಟು ಬೇಕು. ಉಪಗ್ರಹದ ಚಿತ್ರ ಒಮ್ಮೆ ಬರೆದರೆ ಮುಗಿಯಿತು, ಯಾರೂ ತಿದ್ದುವುದಿಲ್ಲ. ಒಂದೊಂದೂ ನೂರಾರು ಮೆಗಾಬೈಟ್. ಅಂದರೆ ಅಪ್ಪಟ ಹಗೇವಿನ ಮಾಲು. ಒಂದು ತಾಲ್ಲೂಕಿನ ಭಾಗವಷ್ಟೇ ಬೇಕೆಂದರೆ ಚಿತ್ರದ ಆ ತುಣುಕನ್ನಷ್ಟೇ ಓದಿಕೊಳ್ಳುವಂತೆ ಜೋಡಿಸಿ ಇಡಬಹುದು. ಅದರಿಂದ ಹುಟ್ಟುವ ಅಂಕಿಗಳನ್ನು 'ಪಾರ್ಕೆ' ಎಂಬ ಬಗೆಯಲ್ಲಿ ಇಟ್ಟೆವು. ಅದು ಸಾಲು ಸಾಲಾಗಿ ಬರೆಯುವ ಬದಲು ಕಾಲಂ ಕಾಲಮ್ಮಾಗಿ ಬರೆದಿಡುತ್ತದೆ. ಬರೀ ಜೋಳದ ಕಾಲಂ ಬೇಕಿದ್ದರೆ ಕಡಲೆಯದನ್ನು ಮುಟ್ಟಬೇಕಾಗಿಲ್ಲ. ಇಲ್ಲಿಯೂ ಚಿಕ್ಕ ಕಡತಗಳ ಕಾಟ ತಪ್ಪಿದ್ದಲ್ಲ, ರೂಪ ಬೇರೆ. ಬಾಡಿಗೆ ಉಗ್ರಾಣದವರು ಪ್ರತಿ ಸಲ ಬಾಗಿಲು ತಟ್ಟಿದ್ದಕ್ಕೂ ಚಿಲ್ಲರೆ ಕಾಸು ಹಿಡಿಯುತ್ತಾರೆ. ಎಂಟು ಕೋಟಿ ಸಲ ತಟ್ಟಿದರೆ ಚಿಲ್ಲರೆ ಚಿಲ್ಲರೆಯಾಗಿ ಉಳಿಯುವುದಿಲ್ಲ. ಈ ಸಲ ಕೂಡಿಸಿಯೇ ಒಳಗೆ ಹಾಕಿದೆವು. ಅಡಕಲ ಗಡಿಗೆಯನ್ನೂ ಮರೆಯಲಿಲ್ಲ. ದಿನವೂ ಬೇಕಾಗುವ ಸ್ವಲ್ಪ ಮಾಹಿತಿಗೆ ಅರೆಯುವ ಯಂತ್ರಗಳ ಪಕ್ಕದಲ್ಲೇ ವೇಗದ ಡಿಸ್ಕ್ ಇಟ್ಟೆವು.

ಇನ್ನೊಂದು ಸೂಕ್ಷ್ಮವಿದೆ. ಎಸ್-3ರಂಥ ಉಗ್ರಾಣದಲ್ಲಿ ನಿಜವಾಗಿ ಫೋಲ್ಡರುಗಳೇ ಇಲ್ಲ. ಉದ್ದುದ್ದ ಹೆಸರುಗಳಿವೆ ಅಷ್ಟೇ, ನಡುವಿನ ಗೆರೆ ನೋಡಿ ನಾವು ಫೋಲ್ಡರು ಎಂದುಕೊಳ್ಳುತ್ತೇವೆ. ಎಚ್‌ಡಿಎಫ್‌ಎಸ್‌ನಲ್ಲಿ ಹೆಸರು ಬದಲಿಸುವುದೆಂದರೆ ಮನೆಯ ಬೋರ್ಡು ಬದಲಿಸಿದಂತೆ, ಕ್ಷಣದ ಕೆಲಸ. ಅಲ್ಲಿ ಹೆಸರು ಬದಲಿಸುವುದೆಂದರೆ ಪಕ್ಕದಲ್ಲಿ ಅಂಥದ್ದೇ ಮನೆ ಕಟ್ಟಿ ಹಳೆಯದನ್ನು ಕೆಡವಿದಂತೆ. ತಾತ್ಕಾಲಿಕ ಜಾಗದಲ್ಲಿ ಬರೆದು ಕೊನೆಗೆ ಹೆಸರು ಬದಲಿಸುವ ಹಳೇ ಹಡೂಪಿನ ಅಭ್ಯಾಸ ಅಲ್ಲಿ ನಿಧಾನ, ಅಪಾಯವೂ ಹೌದು. ಮೊದಲು ಅಲ್ಲಿ ಹಾಕಿದ ಕಡತ ಪಟ್ಟಿಯಲ್ಲಿ ಕೂಡಲೇ ಕಾಣದಿರುವ ತೊಂದರೆಯೂ ಇತ್ತು. ಅದನ್ನು 2020ರ ಡಿಸೆಂಬರಿನಲ್ಲಿ ಸರಿಪಡಿಸಿದರು. ಸ್ವಂತ ಯಂತ್ರಗಳನ್ನೇ ಇಟ್ಟುಕೊಳ್ಳಬೇಕೆನ್ನುವವರಿಗೂ ಈಗ ಹಿಂದಿನಷ್ಟು ನಷ್ಟವಿಲ್ಲ. 2017ರ ಕೊನೆಗೆ ಬಂದ ಹಡೂಪಿನ ಮೂರನೇ ಆವೃತ್ತಿಯಲ್ಲಿ ಮೂರು ಪ್ರತಿಯ ಬದಲು ಆರು ತುಂಡಿಗೆ ಮೂರು ಲೆಕ್ಕದ ತುಂಡು ಸೇರಿಸಿ ಇಡಬಹುದು. ಒಂಬತ್ತರಲ್ಲಿ ಯಾವ ಮೂರು ಹೋದರೂ ಉಳಿದವುಗಳಿಂದ ಮೂಲವನ್ನು ಮತ್ತೆ ಲೆಕ್ಕಹಾಕಿ ತೆಗೆಯಬಹುದು. ನಮ್ಮ 400 ಟೆರಾಬೈಟಿಗೆ 1,200 ಬೇಕಾಗಿದ್ದ ಕಡೆ 600 ಸಾಕು. ನಮ್ಮದು ಹಂಗಾಮಿನ ಕೆಲಸವಾದ್ದರಿಂದ ಬಾಡಿಗೆ ಉಗ್ರಾಣ ಆರಿಸಿದೆ. ವರ್ಷವಿಡೀ ಒಂದೇ ಸಮ ಅರೆಯುವ ಕೆಲಸವಿದ್ದಿದ್ದರೆ ಸ್ವಂತದ್ದೇ ಇರಲಿ ಎನ್ನುತ್ತಿದ್ದೆನೋ ಏನೋ.

ಮೂರನೆಯದು, ಕೆಟ್ಟರೆ ಯಾರ ಹೊಣೆ. ಈ ಭಾಗ ಬರೆಯಲು ಉಳಿದೆರಡಕ್ಕಿಂತ ಹೆಚ್ಚು ದಿನ ಹಿಡಿಯಿತು. ಅಳಿಸಿದರೂ ಹಳೆಯ ಪ್ರತಿ ಒಳಗೇ ಉಳಿಯುವಂತೆ ಮಾಡುವುದು, ತೊಂಬತ್ತು ದಿನಗಳ ಮೇಲಷ್ಟೇ ನಿಜವಾಗಿ ಹೋಗುವುದು. ಇನ್ನೊಂದು ಪ್ರತಿ ಬೇರೆ ಖಾತೆಯಲ್ಲಿ, ಅಲ್ಲಿ ಅಳಿಸುವ ಅಧಿಕಾರ ದಿನನಿತ್ಯದ ಕೆಲಸದ ಯಾರಿಗೂ ಇಲ್ಲ. ಅಳಿಸುವ ಮೊದಲು ಎಣಿಕೆ ಕಡ್ಡಾಯ. ಆರು ತಿಂಗಳಿಗೊಮ್ಮೆ ಒಂದು ಜಿಲ್ಲೆಯ ಮಾಹಿತಿ ಕಳೆದುಹೋಯಿತೆಂದು ತಿಳಿದು ಅದನ್ನು ಮತ್ತೆ ತೆಗೆದು ನೋಡುವುದು. ಇದೆಲ್ಲಕ್ಕೂ ದುಡ್ಡು ಬೇಕು. "ಇದು ದುಂದು" ಎಂದು ಲೆಕ್ಕ ವಿಭಾಗದವರು ಹೇಳುತ್ತಾರೆಂದು ಗೊತ್ತಿತ್ತು. ಯಾಕೆ ಬೇಕೆಂದು ತೋರಿಸಲು 2014ರ ಆ ಶುಕ್ರವಾರದ ಕಥೆ ಬರೆಯಬೇಕು. ಬರೆದರೆ ಪೂರ್ತಿ ಬರೆಯಬೇಕು.

ಬರೆದೆ. ಕಂಪನಿಯ ಹೆಸರು, ಹುಡುಗನ ಹೆಸರು ಬಿಟ್ಟೆ. 'ಎಣಿಸಬೇಡ ಎಂದವನು ನಾನು. ಕಸದಬುಟ್ಟಿ ಬೇಡ ಎಂದವನು ನಾನು. ಮೀಟಿಂಗಿನಲ್ಲಿ ಸುಮ್ಮನಿದ್ದವನೂ ನಾನು' ಎಂದು ಬರೆದೆ. ಮೇಲಿನವರಿಗೆ ಕಳಿಸುವ ಮೊದಲು ಅವನಿಗೆ ಹೇಳದೆ ಕಳಿಸುವುದು ಸರಿಯಲ್ಲ ಎನಿಸಿತು. ಹಳೆಯ ಗೆಳೆಯರನ್ನು ಕೇಳಿ ನಂಬರು ಹುಡುಕಿದೆ.

ಒಂಬತ್ತು ವರ್ಷಗಳ ಮೇಲೆ ಫೋನ್. ದನಿ ಗುರುತು ಹಿಡಿದು, "ಬೋಲಾ ಸರ್" ಎಂದ. ಹೇಳಬೇಕಾದದ್ದನ್ನು ಹೇಳಿದೆ. ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡ ಮಾತು ಎರಡು ನಿಮಿಷಕ್ಕೆ ಮುಗಿದುಹೋಯಿತು. ಅವನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಅವನ ಮನೆಯಲ್ಲಿ ಮಗುವೊಂದು ಏನೋ ಹಟ ಮಾಡುತ್ತಿದ್ದದ್ದು ಕೇಳುತ್ತಿತ್ತು.

"ಮಲಾ ಮಾಹೀತ್ ಹೋತಂ, ಸರ್" ಎಂದ. ನನಗೆ ಗೊತ್ತಿತ್ತು ಎಂದು. ಏನು ಗೊತ್ತಿತ್ತು? ತಪ್ಪು ನನ್ನದೆಂದೇ, ನಾನು ಸುಮ್ಮನಿರುತ್ತೇನೆಂದೇ, ಒಂದು ದಿನ ಫೋನ್ ಮಾಡುತ್ತೇನೆಂದೇ? ನಾನು ಕೇಳಲಿಲ್ಲ, ಅವನೂ ಬಿಡಿಸಿ ಹೇಳಲಿಲ್ಲ. ಆಮೇಲೆ ಮೂರು ತಿಂಗಳು ಕೆಲಸವಿಲ್ಲದೆ ಇದ್ದನಂತೆ. ಅದನ್ನು ದೂರಿನಂತೆ ಹೇಳಲಿಲ್ಲ, ಲೆಕ್ಕದಂತೆ ಹೇಳಿದ. ಅಷ್ಟೇ ತಿಂಗಳ ಮಾಹಿತಿ ನಾವು ಕಳೆದದ್ದು. ಇಡುವ ಮುನ್ನ, "ಈಗ ಅಳಿಸೋಕೆ ಮುಂಚೆ ಎಣಿಸ್ತೀರಾ, ಸರ್?" ಎಂದು ಕೇಳಿದ. "ಎಣಿಸ್ತೇವೆ" ಎಂದೆ. "ಹಾಗಾದರೆ ಸರಿ" ಎಂದ. ಕ್ಷಮಿಸಿದ ಎಂದು ನಾನು ಹೇಳಲಾರೆ. ಅದು ಅವನು ಹೇಳಬೇಕಾದ ಮಾತು, ಹೇಳಲಿಲ್ಲ.

ವರದಿ ಒಪ್ಪಿಗೆಯಾಯಿತು. ಲೆಕ್ಕ ವಿಭಾಗದವರು ಎರಡನೇ ಪ್ರತಿಯ ಖರ್ಚಿನ ಮೇಲೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ.

ನಮ್ಮ ಅಂಗಳದ ಹಗೇವು ಈಗ ಇಲ್ಲ. ಮಣ್ಣು ತುಂಬಿಸಿ ಮೇಲೆ ಪರಸಿ ಹಾಸಿದ್ದಾರೆ, ಅಲ್ಲಿ ಕಾಕಾನ ಮೊಮ್ಮಗ ಮೋಟಾರುಬೈಕು ನಿಲ್ಲಿಸುತ್ತಾನೆ. ಜೋಳ ಪ್ಲಾಸ್ಟಿಕ್ ಚೀಲಗಳಲ್ಲಿ ಪಡಸಾಲೆಯಲ್ಲಿರುತ್ತದೆ. ಹೋದ ವಾರ ಫೋನ್ ಮಾಡಿದಾಗ ಕಾಕಾ ಕೇಳಿದರು, "ಏನಂತೈತಿ ನಿನ್ನ ಹಗೇವು?"

"ಚಲೋ ಐತ್ರಿ ಕಾಕಾ, ಎಲ್ಲಾ ಭದ್ರ ಐತಿ" ಎಂದೆ.

"ಭದ್ರ ಐತಿ ಅಂತ ಮ್ಯಾಲೆ ನಿಂತು ಹೇಳಬ್ಯಾಡ" ಎಂದರು ಕಾಕಾ. "ಬಾಯಿ ತಗದು ನೋಡೀ ಇಲ್ಲೋ?"

ಮುಂದಿನ ತಿಂಗಳು ತೆಗೆದು ನೋಡುವ ಸರದಿ ಇದೆ. ಈ ಸಲ ಆರಿಸಿದ್ದು ವಿಜಯಪುರ ಜಿಲ್ಲೆಯನ್ನೇ.